ಸೈಟು ಅಗ್ಗಕ್ಕೆ ಸಿಕ್ತು, ರಸ್ತೆ ಎಲ್ಲಿ? ಚಾಮರಾಜನಗರ, ಗುಂಡ್ಲುಪೇಟೆಯಲ್ಲಿ ಜಾಗ ಕೊಳ್ಳುವ ಮುಂಚೆ ತಿಳಿದಿರಬೇಕಾದ ವಿಷಯಗಳು

ಚಾಮರಾಜನಗರ: ಹೊಲದಲ್ಲಿ ಕಲ್ಲು ನೆಟ್ಟು, ಸುಣ್ಣದ ಗೆರೆ ಎಳೆದು, ರಸ್ತೆ ಬದಿಗೆ ಒಂದು ಬೋರ್ಡು ಹಾಕಿದ ಮಾತ್ರಕ್ಕೆ ಅದು ಬಡಾವಣೆ ಆಗಲ್ಲ. ಆದರೆ ಜಿಲ್ಲಾ ಕೇಂದ್ರದ ಸುತ್ತ, ಗುಂಡ್ಲುಪೇಟೆಯಿಂದ ಹೊರಡುವ ರಸ್ತೆಗಳ ಅಕ್ಕಪಕ್ಕ ಹೀಗೆ ಕಲ್ಲು ನೆಟ್ಟ ಜಾಗಗಳನ್ನೇ ಸೈಟು ಅಂತ ನಂಬಿ ಉಳಿತಾಯದ ದುಡ್ಡೆಲ್ಲ ಹಾಕುವವರು ಇದ್ದಾರೆ. ಮನೆ ಕಟ್ಟಿದ ಮೇಲೆ ರಸ್ತೆ ಇಲ್ಲ, ಚರಂಡಿ ಇಲ್ಲ, ಬ್ಯಾಂಕಿನವರು ಸಾಲ ಕೊಡಲ್ಲ, ಖಾತೆ ಆಗಲ್ಲ ಅನ್ನುವ ತಾಪತ್ರಯ ಶುರುವಾಗುತ್ತೆ. ಯಾವ ಜಾಗವನ್ನು ಯಾವುದಕ್ಕೆ ಬಳಸಬಹುದು, ಅದನ್ನು ಯಾರು ತೀರ್ಮಾನ ಮಾಡ್ತಾರೆ, ಯಾವ ಕಾಗದ ನೋಡಬೇಕು ಅನ್ನುವುದರ ವಿವರ ಇಲ್ಲಿದೆ.

ಜನ ಕಡಿಮೆ ಬೆಳೆದರು, ಊರು ಜಾಸ್ತಿ ಹರಡಿತು

ಚಾಮರಾಜನಗರ ಜಿಲ್ಲೆ ಮೈಸೂರಿನಿಂದ ಬೇರೆಯಾದದ್ದು 1997ರ ಆಗಸ್ಟ್ 15ರಂದು. ಆಮೇಲೆ ಜಿಲ್ಲಾ ಮಟ್ಟದ ಕಚೇರಿಗಳು, ಕೋರ್ಟು, ಕಾಲೇಜು ಎಲ್ಲವೂ ಊರಿಗೆ ಬಂದವು. ವೈದ್ಯಕೀಯ ಕಾಲೇಜು 2016ರಲ್ಲಿ ಶುರುವಾಯಿತು. ಯಡಪುರದ ಬೋಧನಾ ಆಸ್ಪತ್ರೆಯನ್ನು 2021ರ ಅಕ್ಟೋಬರ್ 7ರಂದು ಅಂದಿನ ರಾಷ್ಟ್ರಪತಿ ರಾಮನಾಥ ಕೋವಿಂದ್ ಉದ್ಘಾಟಿಸಿದರು. ಬೇಡರಪುರದ ಕಡೆ ವಿಶ್ವವಿದ್ಯಾಲಯ, ನಂಜನಗೂಡು ಕಡೆ ಬದನಗುಪ್ಪೆ–ಕೆಲ್ಲಂಬಳ್ಳಿ ಕೈಗಾರಿಕಾ ಪ್ರದೇಶ. ದೊಡ್ಡ ಸಂಸ್ಥೆಗಳೆಲ್ಲ ಹಳೇ ಊರಿನಿಂದ ಆಚೆಗೇ ಹೋದವು. ಅವುಗಳ ಹಿಂದೆಯೇ ಸೈಟು ವ್ಯಾಪಾರವೂ ಆಚೆಗೆ ಹೋಯಿತು.

ಜನಸಂಖ್ಯೆಯ ಲೆಕ್ಕ ಮಾತ್ರ ಬೇರೆಯೇ ಹೇಳುತ್ತೆ. 2001ರಲ್ಲಿ ಜಿಲ್ಲೆಯ ಜನಸಂಖ್ಯೆ ಸುಮಾರು 9.65 ಲಕ್ಷ, 2011ರಲ್ಲಿ ಸುಮಾರು 10.2 ಲಕ್ಷ. ಹತ್ತು ವರ್ಷಕ್ಕೆ ಬೆಳವಣಿಗೆ ಶೇ 6ರಷ್ಟೂ ಇಲ್ಲ. ಅದೇ ಅವಧಿಯಲ್ಲಿ ಇಡೀ ರಾಜ್ಯ ಶೇ 15ಕ್ಕಿಂತ ಹೆಚ್ಚು ಬೆಳೆದಿತ್ತು. 2011ರ ಗಣತಿಯಲ್ಲಿ ಚಾಮರಾಜನಗರ ಪಟ್ಟಣದಲ್ಲಿ ಇದ್ದವರು ಸುಮಾರು 70 ಸಾವಿರ, ಗುಂಡ್ಲುಪೇಟೆಯಲ್ಲಿ ಸುಮಾರು 28 ಸಾವಿರ. ಅಂದ್ರೆ ಜನ ಹೆಚ್ಚಾದರು ಅನ್ನುವುದೊಂದೇ ಕಾರಣಕ್ಕೆ ಜಾಗದ ಬೆಲೆ ಏರಿಲ್ಲ. ಮನೆಗಳು ಪಾಲಾಗುತ್ತಿವೆ, ಹಳ್ಳಿಯವರು ಮಕ್ಕಳ ಓದಿಗೆ ಪಟ್ಟಣಕ್ಕೆ ಬರ್ತಾರೆ, ನೌಕರಸ್ಥರು ಮನೆ ಮಾಡ್ತಾರೆ, ಇನ್ನು ಕೆಲವರು ಮುಂದೆ ಬೆಲೆ ಬರುತ್ತೆ ಅಂತ ಸುಮ್ಮನೆ ಕೊಂಡು ಬಿಡ್ತಾರೆ.

ಇದರ ಜೊತೆಗೆ 2020ರಲ್ಲಿ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಂಗಳು ರದ್ದಾದವು. ಅದಕ್ಕೂ ಮೊದಲು ಕೃಷಿಕರಲ್ಲದವರು ಹೊಲ ಕೊಳ್ಳಲು ಅಡ್ಡಿ ಇತ್ತು. ಈಗ ಬೆಂಗಳೂರು, ಮೈಸೂರು ಕಡೆಯ ನೌಕರರು, ವ್ಯಾಪಾರಿಗಳು ಕೂಡ ನೇರವಾಗಿ ಇಲ್ಲಿಯ ಜಮೀನು ಕೊಳ್ಳಬಹುದು. ಹೊಲ ಕೊಳ್ಳುವುದು ಸುಲಭ ಆಯಿತು. ಹೊಲವನ್ನು ಸೈಟು ಮಾಡುವ ನಿಯಮ ಮಾತ್ರ ಹಾಗೇ ಇದೆ. ಈ ವ್ಯತ್ಯಾಸ ಗೊತ್ತಿಲ್ಲದೆ ಮೋಸ ಹೋಗುವವರೇ ಜಾಸ್ತಿ.

ಜಾಗಕ್ಕೂ ಒಂದು ಬಣ್ಣ ಇದೆ

ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ 1961ರ ಪ್ರಕಾರ ಸರ್ಕಾರ ಒಂದು ಪಟ್ಟಣ ಮತ್ತು ಅದರ ಸುತ್ತಲಿನ ಹಳ್ಳಿಗಳನ್ನು ಸೇರಿಸಿ 'ಸ್ಥಳೀಯ ಯೋಜನಾ ಪ್ರದೇಶ' ಅಂತ ಘೋಷಿಸುತ್ತೆ. ಆ ಪ್ರದೇಶಕ್ಕೆ ಯೋಜನಾ ಪ್ರಾಧಿಕಾರ ಒಂದು ಮಹಾಯೋಜನೆ ತಯಾರಿಸಬೇಕು. ಜನ ಇದನ್ನೇ ಮಾಸ್ಟರ್ ಪ್ಲಾನ್ ಅನ್ನುತ್ತಾರೆ. ಜಿಲ್ಲಾ ಕೇಂದ್ರದಲ್ಲಿ ಈ ಕೆಲಸ ಚಾಮರಾಜನಗರ–ರಾಮಸಮುದ್ರ ನಗರಾಭಿವೃದ್ಧಿ ಪ್ರಾಧಿಕಾರದ್ದು.

ಮಹಾಯೋಜನೆ ಅಂದರೆ ಒಂದು ನಕ್ಷೆ ಮತ್ತು ಅದರ ಜೊತೆಗೆ ವಲಯ ನಿಯಮಾವಳಿ. ನಕ್ಷೆಯಲ್ಲಿ ಪ್ರತಿ ಸರ್ವೆ ನಂಬರಿಗೂ ಒಂದು ಬಣ್ಣ ಇರುತ್ತೆ. ಸಾಮಾನ್ಯವಾಗಿ ಹಳದಿ ಅಂದರೆ ವಾಸದ ಮನೆ, ನೀಲಿ ವಾಣಿಜ್ಯ, ನೇರಳೆ ಕೈಗಾರಿಕೆ, ಕೆಂಪು ಸಾರ್ವಜನಿಕ ಕಟ್ಟಡ, ಹಸಿರು ಪಾರ್ಕು ಮತ್ತು ಆಟದ ಮೈದಾನ, ತಿಳಿ ಹಸಿರು ವ್ಯವಸಾಯ. ಮುಂದೆ ಆಗಬೇಕಾದ ರಸ್ತೆಗಳನ್ನೂ ಅದರಲ್ಲಿ ಗೆರೆ ಎಳೆದು ತೋರಿಸಿರುತ್ತಾರೆ. ಇವತ್ತು ರಾಗಿ ಬೆಳೆದಿರುವ ಹೊಲದ ಮಧ್ಯೆ ನಕ್ಷೆಯಲ್ಲಿ 60 ಅಡಿ ರಸ್ತೆ ಇರಬಹುದು. ಸೈಟು ಮಾರುವವನು ಅದನ್ನು ಹೇಳಲ್ಲ.

ಹಳದಿ ಬಣ್ಣದ ಜಾಗದಲ್ಲಿ ಮನೆಗೆ ಅನುಮತಿ ಸಿಗುವುದು ಸುಲಭ. ತಿಳಿ ಹಸಿರು ಜಾಗದಲ್ಲಿ ಬಡಾವಣೆ ಮಾಡಬೇಕಾದರೆ ಮೊದಲು ಅದೇ ಕಾಯ್ದೆಯ 14ಎ ಕಲಂ ಪ್ರಕಾರ ಭೂ ಬಳಕೆ ಬದಲಾವಣೆ ಆಗಬೇಕು. ಅದಕ್ಕೆ ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟು ಸಾರ್ವಜನಿಕರ ಆಕ್ಷೇಪಣೆ ಕೇಳಬೇಕು. ಪಕ್ಕದ ಹೊಲದವರಿಗೂ ಆಗ ಮಾತಾಡುವ ಹಕ್ಕಿದೆ.

ಇನ್ನೊಂದು ವಿಷಯ. ನಕ್ಷೆಯಲ್ಲಿ ಯಾರದ್ದಾದರೂ ಜಮೀನನ್ನು ಪಾರ್ಕು, ರಸ್ತೆ ಅಂತ ಗುರುತಿಸಿ, ಪ್ರಾಧಿಕಾರ ಐದು ವರ್ಷದೊಳಗೆ ಅದನ್ನು ಸ್ವಾಧೀನಕ್ಕೆ ತೆಗೆದುಕೊಳ್ಳದಿದ್ದರೆ ಆ ಗುರುತು ಬಿದ್ದು ಹೋಗುತ್ತೆ ಅಂತ 69ನೇ ಕಲಂ ಹೇಳುತ್ತೆ. ರೈತನಿಗೆ ಇದು ರಕ್ಷಣೆ. ಊರಿಗೆ ಮಾತ್ರ ಇದು ನಷ್ಟ. ಪಾರ್ಕಿಗೆ ಅಂತ ಬಿಟ್ಟ ಜಾಗಕ್ಕೆ ಸಕಾಲಕ್ಕೆ ದುಡ್ಡು ಇಡದೇ ಹೋದರೆ ಐದು ವರ್ಷ ಆದ ಮೇಲೆ ಅದು ನಕ್ಷೆಯಲ್ಲಷ್ಟೇ ಪಾರ್ಕಾಗಿ ಉಳಿಯುತ್ತೆ.

ಹೊಲ ಸೈಟಾಗಲು ಮೂರು ಮೆಟ್ಟಿಲು

ಮೊದಲನೇ ಮೆಟ್ಟಿಲು, ಭೂ ಪರಿವರ್ತನೆ. ಕರ್ನಾಟಕ ಭೂಕಂದಾಯ ಕಾಯ್ದೆ 1964ರ 95ನೇ ಕಲಂ ಪ್ರಕಾರ ಕೃಷಿ ಜಮೀನನ್ನು ಬೇರೆ ಕೆಲಸಕ್ಕೆ ಬಳಸಬೇಕಾದರೆ ಜಿಲ್ಲಾಧಿಕಾರಿಯ ಅನುಮತಿ ಬೇಕು. ಜನ ಇದನ್ನು 'ಅಲಿನೇಷನ್' ಅಥವಾ 'ಕನ್ವರ್ಷನ್' ಅನ್ನುತ್ತಾರೆ. ಅರ್ಜಿ ಈಗ ಆನ್‌ಲೈನ್. ಮಹಾಯೋಜನೆ ಇರುವ ಕಡೆ, ಕೇಳಿದ ಬಳಕೆ ನಕ್ಷೆಗೆ ಹೊಂದುವುದಾದರೆ ಅಫಿಡವಿಟ್ ಆಧಾರದ ಮೇಲೆ ಪರಿವರ್ತನೆ ಕೊಡಲು 2022ರಲ್ಲಿ ಕಾಯ್ದೆಗೆ ತಿದ್ದುಪಡಿ ಆಗಿದೆ. ಅನುಮತಿ ಇಲ್ಲದೆ ಬಳಸಿದರೆ 96ನೇ ಕಲಂ ಪ್ರಕಾರ ದಂಡ ಹಾಕಬಹುದು.

ಎರಡನೇ ಮೆಟ್ಟಿಲು, ಬಡಾವಣೆ ನಕ್ಷೆಗೆ ಅನುಮೋದನೆ. ಎಲ್ಲರೂ ಎಡವುವುದು ಇಲ್ಲೇ. 'ಅಲಿನೇಷನ್ ಆಗಿದೆ' ಅಂತ ಬೋರ್ಡಿನಲ್ಲಿ ಬರೆದಿದ್ದರೆ ಎಲ್ಲ ಆಯ್ತು ಅಂದ್ಕೊಳ್ಳಬಾರದು. ಪರಿವರ್ತನೆ ಆಗಿರುವುದು ಇಡೀ ಎಕರೆಗೆ. ಅದನ್ನು 20 ಸೈಟಾಗಿ ತುಂಡು ಮಾಡಲು ಯೋಜನಾ ಕಾಯ್ದೆಯ 17ನೇ ಕಲಂ ಪ್ರಕಾರ ಪ್ರಾಧಿಕಾರದ ಅನುಮೋದನೆ ಬೇರೆ ಬೇಕು. ಯೋಜನಾ ಪ್ರದೇಶದ ಆಚೆಗಿನ ಹಳ್ಳಿಗಳಲ್ಲಿ ನಗರ ಮತ್ತು ಗ್ರಾಮಾಂತರ ಯೋಜನಾ ಇಲಾಖೆಯ ತಾಂತ್ರಿಕ ಒಪ್ಪಿಗೆ ಬೇಕು. ಗ್ರಾಮ ಪಂಚಾಯಿತಿ ತಾನೇ ನಕ್ಷೆ ಮಾಡಿ ಸೀಲು ಒತ್ತಿದರೆ ಅದು ನಡೆಯಲ್ಲ. ಅನುಮೋದನೆ ಸಿಗಬೇಕಾದರೆ ಬಡಾವಣೆ ಮಾಡುವವರು ರಸ್ತೆ, ಪಾರ್ಕು, ನಾಗರಿಕ ಸೌಲಭ್ಯದ ಜಾಗಗಳನ್ನು ಸ್ಥಳೀಯ ಸಂಸ್ಥೆಗೆ ಬರೆದುಕೊಡಬೇಕು. ಚರಂಡಿ, ನೀರು, ಕರೆಂಟು ಕಂಬದ ಕೆಲಸ ಮುಗಿದಂತೆ ಹಂತ ಹಂತವಾಗಿ ಸೈಟುಗಳು ಬಿಡುಗಡೆ ಆಗ್ತವೆ.

ಮೂರನೇ ಮೆಟ್ಟಿಲು, ಖಾತೆ. ನಗರಸಭೆ, ಪುರಸಭೆ ವ್ಯಾಪ್ತಿಯಲ್ಲಿ ಇ-ಆಸ್ತಿ ತಂತ್ರಾಂಶದಲ್ಲಿ ಇ-ಖಾತೆ. ಗ್ರಾಮ ಪಂಚಾಯಿತಿ ವ್ಯಾಪ್ತಿಯಲ್ಲಿ ಇ-ಸ್ವತ್ತು ತಂತ್ರಾಂಶದಲ್ಲಿ ನಮೂನೆ 9 ಮತ್ತು 11ಎ. 2024ರ ಅಕ್ಟೋಬರ್‌ನಿಂದ ರಾಜ್ಯದಲ್ಲಿ ಆಸ್ತಿ ನೋಂದಣಿಗೆ ಇ-ಖಾತೆ ಕಡ್ಡಾಯ ಆಗಿದೆ.

ಈ ಮೂರೂ ಆಗದೆ ಹೊಲವನ್ನು ತುಂಡು ಮಾಡಿ ಮಾರಿದರೆ ಅದಕ್ಕೆ ಜನ ಇಟ್ಟಿರುವ ಹೆಸರು 'ರೆವಿನ್ಯೂ ಸೈಟು'. ಕೆಲವು ಕಡೆ ಗುಂಟೆ ಲೆಕ್ಕದಲ್ಲಿ ನಾಲ್ಕೈದು ಜನರ ಹೆಸರಿಗೆ ಜಂಟಿಯಾಗಿ ಕ್ರಯ ಮಾಡಿಸ್ತಾರೆ. ಪಹಣಿಯಲ್ಲಿ ಹೆಸರೇನೋ ಬರುತ್ತೆ. ಆದರೆ ಕಾಗದದಲ್ಲಿ ಅದು ಇನ್ನೂ ಹೊಲವೇ, ಯಾರ ಪಾಲು ಎಲ್ಲಿದೆ ಅನ್ನುವುದಕ್ಕೆ ಗಡಿಯೂ ಇರಲ್ಲ. ಇನ್ನು ಬಾಂಡ್ ಪೇಪರ್ ಮೇಲೆ ಕರಾರು ಬರೆಸಿಕೊಂಡು ದುಡ್ಡು ಕೊಟ್ಟವರಿಗೆ ಮಾಲೀಕತ್ವವೇ ಬಂದಿರಲ್ಲ.

ಅಗ್ಗ ಯಾಕೆ? ಒಂದು ಎಕರೆ ಲೆಕ್ಕ

ಒಂದು ಎಕರೆಗೆ 40 ಗುಂಟೆ, ಒಂದು ಗುಂಟೆಗೆ 1,089 ಚದರಡಿ. ಒಟ್ಟು 43,560 ಚದರಡಿ. 30×40 ಸೈಟಿಗೆ 1,200 ಚದರಡಿ ಬೇಕು. ರಸ್ತೆ, ಪಾರ್ಕು ಏನೂ ಬಿಡದೆ ಬರೀ ಸೈಟು ಮಾಡಿದರೆ ಎಕರೆಗೆ 36 ಸೈಟು ಆಗ್ತವೆ. ನಿಯಮದಂತೆ ರಸ್ತೆ, ಪಾರ್ಕು, ಸೌಲಭ್ಯಕ್ಕೆ ಬಿಟ್ಟು ನೂರಕ್ಕೆ 55 ಭಾಗ ಮಾತ್ರ ಮಾರಲು ಸಿಕ್ಕಿತು ಅಂತ ಇಟ್ಟುಕೊಳ್ಳಿ. ಆಗ ಸುಮಾರು 20 ಸೈಟು ಮಾತ್ರ. ರೆವಿನ್ಯೂ ಬಡಾವಣೆಯವನು 15 ಅಡಿ ಓಣಿ ಬಿಟ್ಟು 28, 30 ಸೈಟು ಮಾಡ್ತಾನೆ. ಚರಂಡಿ ತೋಡಿಸಲ್ಲ, ಪೈಪು ಹಾಕಿಸಲ್ಲ, ಕಂಬ ನೆಡಿಸಲ್ಲ. ಆದ್ದರಿಂದ ಅವನ ಸೈಟು ಅಗ್ಗ.

ಆ ಉಳಿದ ಖರ್ಚು ಎಲ್ಲೂ ಹೋಗಿಲ್ಲ. ಅದು ಕೊಂಡವನ ತಲೆ ಮೇಲೆ ಬಂದಿದೆ. ಮೊದಲ ಮಳೆಗೆ ಓಣಿ ಕೆಸರಾದಾಗ ಮನೆಯವರೇ ಸೇರಿ ಮಣ್ಣು ಹೊಡೆಸಬೇಕು. ಬೋರ್‌ವೆಲ್ ಸ್ವಂತದ್ದು, ಗುಂಡಿ ಶೌಚಾಲಯ ಸ್ವಂತದ್ದು. ಒಂದರ ಪಕ್ಕ ಒಂದು ಗುಂಡಿ, ಬೋರ್ ಆದರೆ ಕುಡಿಯುವ ನೀರೂ ಕೆಡುತ್ತೆ. 15 ಅಡಿ ಓಣಿಯಲ್ಲಿ ಬೈಕು ನಿಲ್ಲಿಸಿದರೆ ಅಗ್ನಿಶಾಮಕದ ಗಾಡಿ ಇರಲಿ, ಆಂಬುಲೆನ್ಸ್ ಬರುವುದೂ ಕಷ್ಟ.

ನಗರಸಭೆ, ಪಂಚಾಯಿತಿಗೆ ಹೋಗಿ ಕೇಳಿದರೆ ಬರುವ ಉತ್ತರ, 'ಆ ರಸ್ತೆ ನಮಗೆ ಹಸ್ತಾಂತರ ಆಗಿಲ್ಲ.' ಕಾನೂನಿನ ಲೆಕ್ಕದಲ್ಲಿ ಅದು ನಿಜ. ರಸ್ತೆ ಇನ್ನೂ ಮೂಲ ಜಮೀನಿನವರ ಹೆಸರಿನಲ್ಲೇ ಇರುತ್ತೆ. ಖಾಸಗಿ ಜಾಗಕ್ಕೆ ಸರ್ಕಾರದ ದುಡ್ಡು ಹಾಕಲು ಆಡಿಟ್‌ನಲ್ಲಿ ತಕರಾರು ಬರುತ್ತೆ. ಮುಂದೊಂದು ದಿನ ಎಲ್ಲರ ತೆರಿಗೆ ದುಡ್ಡಿನಿಂದ ರಸ್ತೆ ಮಾಡಿದರೂ 15 ಅಡಿ ಓಣಿ 30 ಅಡಿ ಆಗಲ್ಲ. ಅಕ್ಕಪಕ್ಕ ಆಗಲೇ ಮನೆ ಎದ್ದಿರುತ್ತೆ.

ಬಿ ಖಾತೆ, 11ಬಿ: ಸಿಕ್ಕಿದ್ದು ಏನು, ಸಿಗದೇ ಇರುವುದು ಏನು

ಅನಧಿಕೃತ ಬಡಾವಣೆಗಳ ಸಮಸ್ಯೆಗೆ ಸರ್ಕಾರ ಮೊದಲು ತಂದದ್ದು ಅಕ್ರಮ–ಸಕ್ರಮ. 2014ರಲ್ಲಿ ನಿಯಮ ಬಂತು. 2016ರ ಡಿಸೆಂಬರ್‌ನಲ್ಲಿ ಹೈಕೋರ್ಟ್ ಅದನ್ನು ಎತ್ತಿ ಹಿಡಿಯಿತು. 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. 'ಅಕ್ರಮ–ಸಕ್ರಮ ಬಂದರೆ ಸರಿ ಹೋಗುತ್ತೆ ಬುಡಿ' ಅಂತ ಸೈಟು ಮಾರುವವರು ಹೇಳುವ ಮಾತನ್ನು ಇದನ್ನು ನೆನಪಿಟ್ಟುಕೊಂಡು ಕೇಳಬೇಕು.

2025ರ ಫೆಬ್ರುವರಿಯಲ್ಲಿ ರಾಜ್ಯದ ಎಲ್ಲ ನಗರ ಸ್ಥಳೀಯ ಸಂಸ್ಥೆಗಳಲ್ಲಿ ಬಿ ಖಾತೆ ಅಭಿಯಾನ ಶುರುವಾಯಿತು. 2024ರ ಸೆಪ್ಟೆಂಬರ್ 10ಕ್ಕಿಂತ ಮೊದಲು ನೋಂದಣಿ ಆಗಿರುವ ಅನಧಿಕೃತ ಸೈಟು, ಮನೆಗಳಿಗೆ ಮೊದಲ ವರ್ಷ ದುಪ್ಪಟ್ಟು ತೆರಿಗೆ ಕಟ್ಟಿಸಿಕೊಂಡು ಬಿ ಖಾತೆ ಕೊಡುವ ವ್ಯವಸ್ಥೆ ಅದು. ಹಳ್ಳಿಗಳ ಕಡೆ ಇಂಥ ಆಸ್ತಿಗಳು 11ಬಿ ನಮೂನೆಗೆ ಬರ್ತವೆ.

ಬಿ ಖಾತೆ ಸಿಕ್ಕರೆ ಆಸ್ತಿ ಲೆಕ್ಕಕ್ಕೆ ಬರುತ್ತೆ, ತೆರಿಗೆ ಕಟ್ಟಬಹುದು, ನೋಂದಣಿಗೆ ಒಂದು ಇ-ಖಾತೆ ಸಂಖ್ಯೆ ಇರುತ್ತೆ. ಬಡಾವಣೆ ಸಕ್ರಮ ಮಾತ್ರ ಆಗಲ್ಲ. ತೆರಿಗೆ ರಸೀದಿ ಕಟ್ಟಡ ಪರವಾನಗಿಯೂ ಅಲ್ಲ. 2024ರ ಡಿಸೆಂಬರ್ 17ರಂದು ಸುಪ್ರೀಂ ಕೋರ್ಟ್ ಅನಧಿಕೃತ ಕಟ್ಟಡಗಳ ಬಗ್ಗೆ ಕೊಟ್ಟ ತೀರ್ಪಿನ ಮೇಲೆ ಕರೆಂಟು ಸಂಪರ್ಕಕ್ಕೂ ಕಟ್ಟಡದ ಪ್ರಮಾಣಪತ್ರ ಕೇಳುವುದು ಬಿಗಿಯಾಯಿತು. ಆಮೇಲೆ ಸಣ್ಣ ಮನೆಗಳಿಗೆ ಸರ್ಕಾರ ಸಡಿಲಿಕೆ ಕೊಟ್ಟಿದೆ. ಮನೆ ಶುರು ಮಾಡುವ ಮೊದಲೇ ಸೆಸ್ಕ್ ಉಪವಿಭಾಗದ ಕಚೇರಿಯಲ್ಲಿ ಈಗಿನ ನಿಯಮ ಕೇಳಿಕೊಳ್ಳುವುದು ಒಳ್ಳೇದು.

ಗುಂಡ್ಲುಪೇಟೆಗೆ ಇನ್ನೊಂದು ಗೆರೆ: ಪರಿಸರ ಸೂಕ್ಷ್ಮ ವಲಯ

ಗುಂಡ್ಲುಪೇಟೆ ನಾಲ್ಕು ಕಡೆಯ ರಸ್ತೆ ಕೂಡುವ ಊರು. ಮೈಸೂರಿನಿಂದ ಬೇಗೂರು ಮೇಲೆ ಬಂದು ಕೇರಳದ ಸುಲ್ತಾನ್ ಬತ್ತೇರಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 766, ಹಂಗಳ, ಬಂಡೀಪುರದ ಮೇಲೆ ಊಟಿಗೆ ಹೋಗುವ ಹೆದ್ದಾರಿ, ತೆರಕಣಾಂಬಿ ಮೇಲೆ ಚಾಮರಾಜನಗರಕ್ಕೆ ಹೋಗುವ ರಸ್ತೆ. ಪಟ್ಟಣ ಈ ರಸ್ತೆಗಳ ಉದ್ದಕ್ಕೆ ಬಾಲದ ಥರ ಬೆಳೆಯುತ್ತಿದೆ. ಒಂದು ಕಡೆ ಚೆಂಡುಹೂವು, ಅರಿಸಿನ, ಸಾಂಬಾರ್ ಈರುಳ್ಳಿ ಬೆಳೆಯುವ ಜಮೀನು. ಇನ್ನೊಂದು ಕಡೆ 1973ರಲ್ಲಿ ಹುಲಿ ಯೋಜನೆಗೆ ಸೇರಿದ ಬಂಡೀಪುರ ಕಾಡು.

ಬಂಡೀಪುರದ ಸುತ್ತ 2012ರ ಅಕ್ಟೋಬರ್ 4ರಂದು ಕೇಂದ್ರ ಸರ್ಕಾರ ಪರಿಸರ ಸೂಕ್ಷ್ಮ ವಲಯ ಘೋಷಿಸಿತು. ಗುಂಡ್ಲುಪೇಟೆ, ಚಾಮರಾಜನಗರ, ನಂಜನಗೂಡು, ಎಚ್.ಡಿ. ಕೋಟೆ ತಾಲ್ಲೂಕುಗಳ 123 ಹಳ್ಳಿಗಳು ಇದರಲ್ಲಿ ಬರ್ತವೆ. ಅದರಲ್ಲಿ ಗುಂಡ್ಲುಪೇಟೆ ತಾಲ್ಲೂಕಿನ ಹಳ್ಳಿಗಳೇ ಜಾಸ್ತಿ.

ಈ ವಲಯದೊಳಗೆ ರೈತರು ಬೇಸಾಯ ಮಾಡುವುದಕ್ಕೆ, ಊರಿನವರು ತಮಗೆ ಮನೆ ಕಟ್ಟಿಕೊಳ್ಳುವುದಕ್ಕೆ ನಿಷೇಧ ಇಲ್ಲ. ಗಣಿಗಾರಿಕೆ, ಮಾಲಿನ್ಯ ಮಾಡುವ ಕಾರ್ಖಾನೆ, ಸಾಮಿಲ್ಲಿಗೆ ನಿಷೇಧ ಇದೆ. ಹೋಟೆಲು, ರೆಸಾರ್ಟು, ವಾಣಿಜ್ಯ ಕಟ್ಟಡ, ಮರ ಕಡಿಯುವುದು, ಕೃಷಿ ಜಮೀನಿನ ಪರಿವರ್ತನೆ ಇವೆಲ್ಲ ನಿಯಂತ್ರಣಕ್ಕೆ ಒಳಪಟ್ಟಿವೆ. ಉಸ್ತುವಾರಿ ಸಮಿತಿಯ ಮುಂದೆ ಹೋಗಬೇಕು. ಆದ್ದರಿಂದ 'ಫಾರಂ ಪ್ಲಾಟ್, ಕಾಡಿನ ಪಕ್ಕ, ಹೋಂಸ್ಟೇ ಮಾಡಬಹುದು' ಅನ್ನುವ ಜಾಹೀರಾತು ನೋಡಿ ಮಂಗಲ, ಮೇಲುಕಾಮನಹಳ್ಳಿ, ಹಂಗಳದ ಕಡೆ ಜಮೀನು ನೋಡುವವರು ಮೊದಲು ಸರ್ವೆ ನಂಬರು ವಲಯದೊಳಗಿದೆಯಾ ಅಂತ ಅರಣ್ಯ ಇಲಾಖೆ ಮತ್ತು ತಹಶೀಲ್ದಾರ್ ಕಚೇರಿಯಲ್ಲಿ ಬರಹದಲ್ಲಿ ತಿಳಿದುಕೊಳ್ಳಬೇಕು.

ಕಾಡಂಚಿನ ಜಾಗಕ್ಕೆ ನಿಯಮ ಬಿಗಿ ಯಾಕೆ ಅನ್ನುವುದಕ್ಕೆ ಉತ್ತರ ಕಣಿಯನಪುರದ ಕಡೆ ಸಿಗುತ್ತೆ. ಅಲ್ಲಿಂದ ಮೋಯಾರ್ ಕಣಿವೆ ಕಡೆಗೆ ಆನೆಗಳು ಓಡಾಡುವ ಕಾರಿಡಾರ್ ಇದೆ. ಅದರ ಬಾಯಿಗೆ ಬೇಲಿ, ಕಾಂಪೌಂಡ್ ಬಂದರೆ ಆನೆ ಸುಮ್ಮನೆ ವಾಪಸ್ ಹೋಗಲ್ಲ, ಪಕ್ಕದ ಹೊಲದ ಮೇಲೆ ದಾರಿ ಮಾಡಿಕೊಳ್ಳುತ್ತೆ. ಕಾಂಪೌಂಡ್ ಹಾಕಿದವರು ಹೊರಗಿನವರು, ಬೆಳೆ ಹೋಗುವುದು ಪಕ್ಕದ ರೈತನದ್ದು. ಚಾಮರಾಜನಗರ, ಯಳಂದೂರು ಕಡೆ ಬಿ.ಆರ್.ಟಿ. ಹುಲಿ ಸಂರಕ್ಷಿತ ಪ್ರದೇಶದ ಅಂಚಿನಲ್ಲಿ ಜಮೀನು ನೋಡುವವರಿಗೂ ಇದೇ ಮಾತು.

ಕಾಡಿನ ಮಾತು ಬಿಟ್ಟರೂ ಪಕ್ಕದ ಜಮೀನಿನ ಬಳಕೆ ನೋಡಲೇಬೇಕು. 2022ರ ಮಾರ್ಚ್‌ನಲ್ಲಿ ಗುಂಡ್ಲುಪೇಟೆ ತಾಲ್ಲೂಕಿನ ಮಡಹಳ್ಳಿಯ ಬಿಳಿಕಲ್ಲು ಕ್ವಾರಿಯಲ್ಲಿ ಗುಡ್ಡ ಕುಸಿದು ಕಾರ್ಮಿಕರು ಜೀವ ಕಳೆದುಕೊಂಡರು. ಕ್ವಾರಿ, ಕ್ರಷರ್ ಹತ್ತಿರದ ಜಾಗ ಅಗ್ಗ ಅಂತ ಮನೆ ಕಟ್ಟಿದರೆ ಧೂಳು, ಸಿಡಿತ, ಟಿಪ್ಪರ್ ಓಡಾಟ ಎಲ್ಲ ಜೊತೆಗೇ ಬರುತ್ತೆ.

ಕೆರೆ, ಹಳ್ಳ, ಖರಾಬು

ಈ ಭಾಗದ ಕೆರೆಗಳು ಎಷ್ಟೋ ವರ್ಷ ಒಣಗಿದ್ದವು. ಒಣಗಿದ ಕೆರೆಯ ಅಂಚು, ನೀರಿಲ್ಲದ ಹಳ್ಳ ಮೈದಾನದ ಥರ ಕಾಣುತ್ತೆ. ಕಬಿನಿಯಿಂದ ನೀರೆತ್ತಿ ಚಾಮರಾಜನಗರ, ಗುಂಡ್ಲುಪೇಟೆ ತಾಲ್ಲೂಕಿನ ಕೆರೆ ತುಂಬಿಸುವ ಯೋಜನೆ ಬಂದ ಮೇಲೆ ಕೆರೆಗೆ ಮತ್ತೆ ನೀರು ಬಂತು. ನೀರು ತನ್ನ ಹಳೇ ದಾರಿಯನ್ನೇ ಹುಡುಕುತ್ತೆ. ಕೋಡಿ ಹರಿಯುವ ದಾರಿಯಲ್ಲಿ ಮನೆ ಇದ್ದರೆ ನೀರು ನುಗ್ಗುವುದು ಮನೆಗೇ.

ಪಹಣಿಯ 3ನೇ ಕಾಲಂನಲ್ಲಿ ಖರಾಬು ಎಷ್ಟಿದೆ ಅಂತ ಬರೆದಿರುತ್ತೆ. 'ಎ' ಖರಾಬು ಅಂದರೆ ಬೇಸಾಯಕ್ಕೆ ಬರದ ಬಂಡೆ, ದಿಬ್ಬದಂಥ ಜಾಗ. 'ಬಿ' ಖರಾಬು ಅಂದರೆ ಸಾರ್ವಜನಿಕರಿಗೆ ಸೇರಿದ ದಾರಿ, ಹಳ್ಳ, ಕಾಲುವೆ, ಸ್ಮಶಾನದಂಥ ಜಾಗ. 'ಬಿ' ಖರಾಬನ್ನು ಯಾರೂ ಮಾರುವ ಹಾಗಿಲ್ಲ. ಕೆಲವು ಲೇಔಟುಗಳ 'ಕಾರ್ನರ್ ಸೈಟು' ನಕ್ಷೆಯಲ್ಲಿ ನೋಡಿದರೆ ಹಳ್ಳದ ಮೇಲೇ ಕೂತಿರುತ್ತೆ.

ಅಂಗಡಿಯವರು ನೋಡಬೇಕಾದದ್ದು

ರಸ್ತೆ ಬದಿ ಅಂಗಡಿಗೆ ವ್ಯಾಪಾರ ಜಾಸ್ತಿ, ಅಪಾಯವೂ ಜಾಸ್ತಿ. ಪಟ್ಟಣದ ಹೊರಗೆ ರಾಷ್ಟ್ರೀಯ ಹೆದ್ದಾರಿಯ ಮಧ್ಯಭಾಗದಿಂದ ಕಟ್ಟಡ ರೇಖೆ 40 ಮೀಟರ್, ನಿಯಂತ್ರಣ ರೇಖೆ 75 ಮೀಟರ್ ಅನ್ನುವುದು ಹೆದ್ದಾರಿಗಳ ಸಾಮಾನ್ಯ ಮಾನದಂಡ. ಇದರೊಳಗೆ ಶೆಡ್ಡು ಹಾಕಿ ಹೋಟೆಲು, ಪಂಕ್ಚರ್ ಅಂಗಡಿ ಮಾಡಿದವರಿಗೆ ರಸ್ತೆ ಅಗಲ ಆಗುವಾಗ ಪರಿಹಾರ ಸಿಗುವುದು ಕಷ್ಟ. ಹೆದ್ದಾರಿಗೆ ಹೊಸದಾಗಿ ದಾರಿ ಬಿಡಿಸಿಕೊಳ್ಳಲೂ ಅನುಮತಿ ಬೇಕು.

ಊರೊಳಗೆ ಬೇರೆ ಸಮಸ್ಯೆ. ಚಾಮರಾಜನಗರದ ದೊಡ್ಡಂಗಡಿ ಬೀದಿ, ಚಿಕ್ಕಂಗಡಿ ಬೀದಿಯಂಥ ಹಳೇ ಪೇಟೆ ಎತ್ತಿನ ಗಾಡಿ ಕಾಲದ್ದು. ಬಿ. ರಾಚಯ್ಯ ಜೋಡಿ ರಸ್ತೆ ಆಮೇಲಿನದ್ದು. ಹಳೇ ಬೀದಿಯಲ್ಲಿ ಸೆಟ್‌ಬ್ಯಾಕ್ ಬಿಡದೆ ಮೇಲೆ ಮಹಡಿ ಎಬ್ಬಿಸಿದರೆ ಮುಂದೆ ಅಗಲೀಕರಣದಲ್ಲಿ ಹೋಗುವುದು ಮುಂದಿನ ಗೋಡೆ, ಅಂದರೆ ಶಟರ್ ಇರುವ ಭಾಗವೇ. ಅಂಗಡಿ ಕೊಳ್ಳುವವರು, ದೊಡ್ಡ ಅಡ್ವಾನ್ಸ್ ಕೊಟ್ಟು ಬಾಡಿಗೆಗೆ ಹಿಡಿಯುವವರು ಮಹಾಯೋಜನೆಯಲ್ಲಿ ಆ ರಸ್ತೆಯ ಅಗಲ ಎಷ್ಟು ಅಂತ ಮೊದಲೇ ಕೇಳಬೇಕು. ಮನೆಯನ್ನು ಅಂಗಡಿ ಮಾಡಿಕೊಂಡವರು ವಾಸದ ವಲಯದಲ್ಲಿ ಎಷ್ಟು ವಾಣಿಜ್ಯಕ್ಕೆ ಅವಕಾಶ ಇದೆ ಅಂತ ನೋಡಿಕೊಂಡೇ ವ್ಯಾಪಾರ ಪರವಾನಗಿಗೆ ಅರ್ಜಿ ಹಾಕಬೇಕು.

ಮಂಜೂರಾತಿ ಜಮೀನು: ಮರೆಯಬಾರದ ಕಾಯ್ದೆ

ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನನ್ನು ಸರ್ಕಾರದ ಅನುಮತಿ ಇಲ್ಲದೆ ಮಾರುವಂತಿಲ್ಲ ಅಂತ 1978ರ ಪಿಟಿಸಿಎಲ್ ಕಾಯ್ದೆ ಹೇಳುತ್ತೆ. ಅನುಮತಿ ಇಲ್ಲದೆ ಕ್ರಯ ಆಗಿದ್ದರೆ ಮೂಲ ಮಂಜೂರುದಾರರು ಅಥವಾ ಅವರ ವಾರಸುದಾರರು ಉಪವಿಭಾಗಾಧಿಕಾರಿ ಮುಂದೆ ಅರ್ಜಿ ಹಾಕಿ ಜಮೀನು ವಾಪಸ್ ಕೇಳಬಹುದು. ಹೀಗೆ ಕೇಳಲು ಕಾಲಮಿತಿ ಇಲ್ಲ ಅಂತ 2023ರ ತಿದ್ದುಪಡಿ ಸ್ಪಷ್ಟ ಮಾಡಿದೆ. ಇಂಥ ಜಮೀನಿನಲ್ಲಿ ಸೈಟು ಕೊಂಡು ಹತ್ತಾರು ವರ್ಷ ಆಗಿದ್ದರೂ ತಕರಾರು ಬರಬಹುದು. ಇನ್ನೊಂದು ಕಡೆ, ಬಡತನಕ್ಕೆ ಜಮೀನು ಕಳೆದುಕೊಂಡ ಕುಟುಂಬಗಳಿಗೆ ಇದೊಂದೇ ದಾರಿ. ಪಹಣಿಯ 11ನೇ ಕಾಲಂ ಮತ್ತು ಮೂಲ ಮಂಜೂರಾತಿ ಕಡತ ನೋಡದೆ ಯಾರೂ ಮುಂದುವರಿಯಬಾರದು.

ಅಡ್ವಾನ್ಸ್ ಕೊಡುವ ಮುಂಚೆ ನೋಡಿ

1. ಸರ್ವೆ ನಂಬರು ಕೇಳಿ. ಕೊಡದಿದ್ದರೆ ಅಲ್ಲಿಗೇ ಬಿಡಿ. ಜಾಗದಲ್ಲೇ ನಿಂತು ದಿಶಾಂಕ್ ಆ್ಯಪ್ ತೆರೆದರೆ ನಿಂತಿರುವುದು ಯಾವ ಸರ್ವೆ ನಂಬರು, ಕೆರೆಯೋ ಸರ್ಕಾರಿ ಜಾಗವೋ ಅಂತ ಅಂದಾಜು ಸಿಗುತ್ತೆ. ಗಡಿ ತಕರಾರಿದ್ದರೆ ಸರ್ವೆಯರ್ ಅಳತೆಯೇ ಅಂತಿಮ.

2. ಪಹಣಿ, ಮ್ಯುಟೇಷನ್, ಋಣಭಾರ ಪತ್ರ ತೆಗೆಸಿ. ಋಣಭಾರ ಪತ್ರ ಕಾವೇರಿ ಪೋರ್ಟಲ್‌ನಲ್ಲೇ ಸಿಗುತ್ತೆ. ಸರ್ವೆ ನಂಬರಿನ ಒಂದು ಭಾಗ ಮಾತ್ರ ಕೊಳ್ಳುವುದಾದರೆ 11ಇ ನಕ್ಷೆ ಬೇಕು.

3. ಪರಿವರ್ತನೆ ಆದೇಶ ಓದಿ. ವಾಸಕ್ಕೆ ಆಗಿದೆಯಾ, ವಾಣಿಜ್ಯಕ್ಕೆ ಆಗಿದೆಯಾ, ಎಷ್ಟು ಗುಂಟೆಗೆ ಆಗಿದೆ, ಷರತ್ತು ಏನು ಅಂತ ನೋಡಿ.

4. ಬಡಾವಣೆ ನಕ್ಷೆ ಕೇಳಿ. ಅದರ ಮೇಲೆ ಅನುಮೋದನೆ ಸಂಖ್ಯೆ, ದಿನಾಂಕ ಇರಬೇಕು. ಜೆರಾಕ್ಸ್ ನಂಬಬೇಡಿ, ಆ ಸಂಖ್ಯೆ ಹಿಡಿದು ಪ್ರಾಧಿಕಾರದ ಕಚೇರಿಯಲ್ಲಿ ಕೇಳಿ. ನೀವು ಕೊಳ್ಳುವ ಸೈಟು ನಂಬರು ಬಿಡುಗಡೆ ಆದ ಪಟ್ಟಿಯಲ್ಲಿ ಇದೆಯಾ ಅಂತಲೂ ನೋಡಿ.

5. ರಸ್ತೆ, ಪಾರ್ಕು ಸ್ಥಳೀಯ ಸಂಸ್ಥೆಗೆ ಬರೆದುಕೊಟ್ಟ ಪತ್ರ ಇದೆಯಾ ಕೇಳಿ. ಮುಂದೆ ಚರಂಡಿ, ಬೀದಿ ದೀಪ ಕೇಳಲು ಇದೇ ಆಧಾರ.

6. ಬಡಾವಣೆ 500 ಚದರ ಮೀಟರಿಗಿಂತ ದೊಡ್ಡದಿದ್ದರೆ ಸಾಮಾನ್ಯವಾಗಿ ರೇರಾ ನೋಂದಣಿ ಬೇಕು. ಸಂಖ್ಯೆಯನ್ನು ರೇರಾ ವೆಬ್‌ಸೈಟಿನಲ್ಲಿ ಹಾಕಿ ನೋಡಿ.

7. ಬ್ಯಾಂಕಿನವರನ್ನು ಕೇಳಿ. ಸಾಲ ಬೇಡದಿದ್ದರೂ ಆ ಬಡಾವಣೆಗೆ ಮನೆ ಸಾಲ ಕೊಡ್ತೀರಾ ಅಂತ ಒಂದು ಮಾತು ಕೇಳಿದರೆ ಕಾಗದ ಎಷ್ಟು ಗಟ್ಟಿ ಅಂತ ಗೊತ್ತಾಗುತ್ತೆ.

'ಏನೂ ಆಗಲ್ಲ ಬುಡಿ, ಪಕ್ಕದಲ್ಲೇ ಎಲ್ಲಾ ಮನೆ ಕಟ್ಟವ್ರೆ' ಅನ್ನುವುದು ದಾಖಲೆ ಅಲ್ಲ.

ಈಗಾಗಲೇ ಕೊಂಡಿರುವವರು ಏನು ಮಾಡಬೇಕು

ಗಾಬರಿ ಆಗಿ ಸಿಕ್ಕ ಬೆಲೆಗೆ ಮಾರುವುದು ಬೇಡ. ಮೊದಲು ಕ್ರಯಪತ್ರ, ತೆರಿಗೆ ರಸೀದಿ, ಕರೆಂಟು ಬಿಲ್ಲು ಎಲ್ಲ ಒಂದು ಕಡೆ ಜೋಡಿಸಿಡಿ. ಪಟ್ಟಣ ವ್ಯಾಪ್ತಿ ಆದರೆ ಬಿ ಖಾತೆ, ಹಳ್ಳಿ ಆದರೆ 11ಬಿ ಆಗುತ್ತಾ ಅಂತ ಕೇಳಿ. ಸರ್ಕಾರಿ ಜಾಗದಲ್ಲಿ ಬಹಳ ವರ್ಷದಿಂದ ಮನೆ ಕಟ್ಟಿಕೊಂಡವರಿಗೆ ಭೂಕಂದಾಯ ಕಾಯ್ದೆಯ 94ಸಿ (ಹಳ್ಳಿ), 94ಸಿಸಿ (ಪಟ್ಟಣ) ಬೇರೆ ದಾರಿ. ಅದನ್ನು ತಾಲ್ಲೂಕು ಕಚೇರಿಯಲ್ಲಿ ವಿಚಾರಿಸಬೇಕು.

ಒಬ್ಬೊಬ್ಬರೇ ಅಲೆಯುವುದಕ್ಕಿಂತ ಬಡಾವಣೆಯವರೆಲ್ಲ ಸೇರಿ ನಿವಾಸಿಗಳ ಸಂಘ ಮಾಡಿಕೊಳ್ಳುವುದು ಒಳ್ಳೇದು. ಮೂಲ ಜಮೀನಿನವರು ಇನ್ನೂ ಸಿಗುವಾಗಲೇ ಓಣಿ, ಖಾಲಿ ಜಾಗವನ್ನು ನಗರಸಭೆ ಅಥವಾ ಪಂಚಾಯಿತಿಗೆ ಬರೆಸಿಕೊಡಿ. ಅವರು ತೀರಿಕೊಂಡು ಜಮೀನು ಮಕ್ಕಳ ಹೆಸರಿಗೆ ಪಾಲಾದ ಮೇಲೆ ಅದೇ ಓಣಿಗೆ ಬೇಲಿ ಬಿದ್ದರೆ ಕೋರ್ಟಿಗೆ ಹೋಗುವುದೊಂದೇ ಉಳಿಯುತ್ತೆ. ಖಾಲಿ ಸೈಟು ಇದ್ದವರು ಮನೆ ಕಟ್ಟುವ ಮುಂಚೆ ಎದುರುಬದುರಿನವರ ಜೊತೆ ಮಾತಾಡಿ ತಲಾ ಐದು ಅಡಿ ಬಿಟ್ಟರೆ 15 ಅಡಿ ಓಣಿ 25 ಅಡಿ ರಸ್ತೆ ಆಗುತ್ತೆ. ಗೋಡೆ ಎದ್ದ ಮೇಲೆ ಅದು ಆಗದ ಮಾತು.

ಯಾವ ಕೆಲಸಕ್ಕೆ ಯಾವ ಕಚೇರಿ

ಭೂ ಪರಿವರ್ತನೆ: ಜಿಲ್ಲಾಧಿಕಾರಿ ಕಚೇರಿ, ಜಿಲ್ಲಾಡಳಿತ ಭವನ.
ಪಹಣಿ, ಖರಾಬು, 94ಸಿ, 94ಸಿಸಿ: ತಾಲ್ಲೂಕು ಕಚೇರಿ, ನಾಡಕಚೇರಿ.
11ಇ ನಕ್ಷೆ, ಪೋಡಿ, ಗಡಿ ಅಳತೆ: ತಾಲ್ಲೂಕು ಸರ್ವೆ ಶಾಖೆ.
ವಲಯದ ಬಣ್ಣ, ಬಡಾವಣೆ ನಕ್ಷೆ: ನಗರಾಭಿವೃದ್ಧಿ ಅಥವಾ ಯೋಜನಾ ಪ್ರಾಧಿಕಾರ, ಇಲ್ಲದ ಕಡೆ ನಗರ ಮತ್ತು ಗ್ರಾಮಾಂತರ ಯೋಜನಾ ಇಲಾಖೆ.
ಖಾತೆ, ಕಟ್ಟಡ ಪರವಾನಗಿ: ಚಾಮರಾಜನಗರ ನಗರಸಭೆ, ಗುಂಡ್ಲುಪೇಟೆ ಪುರಸಭೆ, ಹಳ್ಳಿಗಳಲ್ಲಿ ಗ್ರಾಮ ಪಂಚಾಯಿತಿ.
ಪಿಟಿಸಿಎಲ್ ತಕರಾರು: ಉಪವಿಭಾಗಾಧಿಕಾರಿ.
ಕಾಡಂಚಿನ ಜಾಗ: ಅರಣ್ಯ ಇಲಾಖೆಯ ವಲಯ ಕಚೇರಿ.
ಮಾಹಿತಿ ಕೊಡದಿದ್ದರೆ 10 ರೂಪಾಯಿ ಶುಲ್ಕದಲ್ಲಿ ಮಾಹಿತಿ ಹಕ್ಕು ಅರ್ಜಿ ಹಾಕಬಹುದು. 30 ದಿನದೊಳಗೆ ಉತ್ತರ ಕೊಡಬೇಕು.

ನಕ್ಷೆ ಪ್ರಕಟ ಆದಾಗ ಮಾತಾಡಿ

ಮಹಾಯೋಜನೆ ಮಾಡುವಾಗ, ಪರಿಷ್ಕರಣೆ ಮಾಡುವಾಗ ಪ್ರಾಧಿಕಾರ ಕರಡು ನಕ್ಷೆಯನ್ನು ಸಾರ್ವಜನಿಕರಿಗೆ ತೋರಿಸಿ ಆಕ್ಷೇಪಣೆ, ಸಲಹೆ ಕೇಳಬೇಕು. ಆ ಪ್ರಕಟಣೆ ಪತ್ರಿಕೆಯ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಬರುತ್ತೆ. ಸೈಟು ವ್ಯಾಪಾರ ಮಾಡುವವರು ಅದನ್ನು ತಪ್ಪದೆ ನೋಡ್ತಾರೆ. ತಮ್ಮ ಸರ್ವೆ ನಂಬರು ಹಳದಿ ಆಗಲಿ ಅಂತ ಅರ್ಜಿ ಹಾಕ್ತಾರೆ. ಊರಿಗೆ ಪಾರ್ಕು ಎಲ್ಲಿ, ಸಂತೆ ಎಲ್ಲಿ, ಸ್ಮಶಾನಕ್ಕೆ ದಾರಿ ಯಾವುದು, ಕೆರೆ ಕೋಡಿ ಎಲ್ಲಿ ಹರಿಯಬೇಕು, ಲಾರಿ ನಿಲ್ಲುವ ಜಾಗ ಯಾವುದು ಅಂತ ಕೇಳುವ ಅರ್ಜಿ ಮಾತ್ರ ಬಹಳ ಕಡಿಮೆ.

ಅಂಗಡಿ ಬೀದಿಯ ವರ್ತಕರ ಸಂಘ, ವಾರ್ಡಿನ ಯುವಕ ಸಂಘ, ಸ್ತ್ರೀಶಕ್ತಿ ಗುಂಪು, ರೈತ ಸಂಘದ ಶಾಖೆ ಯಾರು ಬೇಕಾದರೂ ಬಿಳಿ ಹಾಳೆಯಲ್ಲಿ ಕನ್ನಡದಲ್ಲೇ ಆಕ್ಷೇಪಣೆ ಬರೆದು ಕೊಡಬಹುದು. ವಕೀಲರು ಬೇಕಿಲ್ಲ. ಸರ್ವೆ ನಂಬರು, ಸಮಸ್ಯೆ, ಏನು ಬೇಕು ಅನ್ನುವುದು ಮೂರೂ ಇದ್ದರೆ ಸಾಕು. ಕೊಟ್ಟ ಅರ್ಜಿಗೆ ಸ್ವೀಕೃತಿ ಸೀಲು ಹಾಕಿಸಿಕೊಂಡು ಜೆರಾಕ್ಸ್ ಇಟ್ಟುಕೊಳ್ಳಿ.